ನಂಜನಗೂಡಿನ ಚಿಮಣಿಗೆ ‘ನೊಬೆಲ್ ಪುಡಿ’ ಹಾಕಿದರೆ ಗಾಳಿ ಶುದ್ಧವಾಗುತ್ತದೆಯೇ?

ಗಾಜಿನ ನಳಿಗೆಯಲ್ಲಿ ಹಳದಿ ಪುಡಿ ಇರುವ ಫೋಟೊ. ಅದರ ಕೆಳಗೆ ನಾಲ್ಕು ಸಾಲು: 200 ಗ್ರಾಂ ಪುಡಿ ಒಂದು ಮರಕ್ಕೆ ಸಮ, ಇದಕ್ಕೆ ನೊಬೆಲ್ ಬಂದಿದೆ, ಕಾರ್ಖಾನೆಯ ವಿಷಗಾಳಿಯನ್ನೆಲ್ಲ ಸ್ಪಂಜಿನಂತೆ ಹೀರುತ್ತದೆ, ನಮ್ಮ ಊರಿನ ಫ್ಯಾಕ್ಟರಿಗಳಿಗೆ ಯಾಕೆ ಹಾಕಿಸುತ್ತಿಲ್ಲ, ಎಲ್ಲ ಗುಂಪಿಗೂ ಕಳಿಸಿ. ಈ ಬಗೆಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು.

‘ನಮ್ಮ ಊರಿಗೆ ಯಾಕಿಲ್ಲ’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ತಾಂಡವಪುರ ದಾಟುವಾಗ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಾಗದ, ಔಷಧಿ, ಕಾಫಿಪುಡಿ, ಬಟ್ಟೆ, ಸಕ್ಕರೆ ಎಲ್ಲದರ ಕಾರ್ಖಾನೆಯೂ ಈ ತಾಲ್ಲೂಕಿನಲ್ಲಿದೆ. ಬಾಯ್ಲರ್ ಇದ್ದ ಕಡೆ ಚಿಮಣಿಯೂ ಇದ್ದೇ ಇರುತ್ತದೆ. ಇಲ್ಲಿಂದ ಹೊರಟ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹಾಗಾಗಿ ನಂಜನಗೂಡಿನ ಪ್ರಶ್ನೆ ಟಿ. ನರಸೀಪುರದ್ದೂ ಹೌದು. ಅದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಮೊದಲೇ ಹೇಳಿಬಿಡುತ್ತೇವೆ: ಸಂದೇಶದಲ್ಲಿ ಅರ್ಧ ನಿಜ ಇದೆ. ಆ ಅರ್ಧ ನಿಜಕ್ಕೂ ಆಶ್ಚರ್ಯಪಡಬೇಕಾದ್ದೇ.

ನಿಜವಾದ ಭಾಗ

ಫೋಟೊದಲ್ಲಿರುವ ಹಳದಿ ಪುಡಿಗೂ ನೊಬೆಲ್ ಬಂದ ವಸ್ತುವಿಗೂ ಸಂಬಂಧ ಇದೆ, ಆದರೆ ಎರಡೂ ಒಂದೇ ಅಲ್ಲ. ‘200 ಗ್ರಾಂ ಪುಡಿ’ ಎಂಬ ಸುದ್ದಿ ಹುಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ. ಅಮೆರಿಕದ ಬರ್ಕ್‌ಲಿಯಲ್ಲಿ ಒಮರ್ ಯಾಘಿ ಅವರ ತಂಡ ತಯಾರಿಸಿದ ಆ ಪುಡಿಯ ಹೆಸರು ಸಿಒಎಫ್-999. ಅದರಲ್ಲಿ ಲೋಹವೇ ಇಲ್ಲ. ಮರುವರ್ಷ, 2025ರಲ್ಲಿ, ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಅದರ ಅಣ್ಣನಂತಿರುವ ಇನ್ನೊಂದು ವಸ್ತುಕುಲಕ್ಕೆ. ಅದೇ ಎಂಒಎಫ್, ಕನ್ನಡದಲ್ಲಿ ಲೋಹ-ಸಾವಯವ ಚೌಕಟ್ಟು ಎನ್ನೋಣ. ಬಹುಮಾನ ಹಂಚಿಕೊಂಡವರು ಮೂವರು: ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೆಲಸ ಮಾಡಿದ ರಿಚರ್ಡ್ ರಾಬ್ಸನ್, ಜಪಾನಿನ ಕ್ಯೋಟೊದ ಸುಸುಮು ಕಿತಗಾವಾ, ಮತ್ತು ಅದೇ ಯಾಘಿ.

ಮನೆ ಕಟ್ಟುವಾಗ ಸಾರುವೆ ಕಟ್ಟುವುದನ್ನು ನೋಡಿದ್ದೀರಲ್ಲ? ಕಂಬಗಳು, ಕಂಬ ಸೇರುವಲ್ಲಿ ಬಿಗಿದ ಕಟ್ಟು, ನಡುವೆ ಬರೀ ಖಾಲಿ ಜಾಗ. ಎಂಒಎಫ್ ಎಂದರೆ ಅಷ್ಟೇ. ಕಟ್ಟು ಇರುವಲ್ಲಿ ಸತು, ತಾಮ್ರ, ಅಲ್ಯೂಮಿನಿಯಂನಂಥ ಲೋಹದ ಅಯಾನು. ಕಂಬದ ಜಾಗದಲ್ಲಿ ಇಂಗಾಲದಿಂದಾದ ಉದ್ದನೆಯ ಅಣು. ಸರಿಯಾಗಿ ಬೆರೆಸಿದರೆ ಇವು ತಾವಾಗಿಯೇ ಜೋಡಿಕೊಂಡು, ಸಾಲು ಸಾಲು ಕೋಣೆಗಳಿರುವ ಹರಳಾಗುತ್ತವೆ. ಯಾಘಿ 1999ರಲ್ಲಿ ಪ್ರಕಟಿಸಿದ ಎಂಒಎಫ್-5 ಎಂಬ ಹರಳಿನ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ, ಒಂದೂವರೆ ಗ್ರಾಂ ಪುಡಿಗೆ ಹೆಚ್ಚುಕಡಿಮೆ ಒಂದು ಎಕರೆ ಗದ್ದೆಯಷ್ಟು ಜಾಗ ಆಗುತ್ತದೆ. ಚಿಟಿಕೆ ಪುಡಿಯೊಳಗೆ ಒಂದು ಎಕರೆ!

ಅನಿಲ ಈ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಸ್ಪಂಜು ನೀರು ಕುಡಿದಂತೆ ಅಲ್ಲ, ಗೋಡೆಗೆ ದೂಳು ಕೂತಂತೆ. ಕೋಣೆಯ ಬಾಗಿಲು ಎಷ್ಟು ಅಗಲ, ಗೋಡೆಗೆ ಯಾವ ಅಣು ಇಷ್ಟ ಎಂಬುದನ್ನು ರಸಾಯನಶಾಸ್ತ್ರಜ್ಞರು ಮೊದಲೇ ಲೆಕ್ಕ ಹಾಕಿ ಕಟ್ಟಬಲ್ಲರು. ಹಾಗಾಗಿ ಒಂದು ಎಂಒಎಫ್ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಾರಜನಕವನ್ನು ಬಿಟ್ಟುಬಿಡುತ್ತದೆ, ಇನ್ನೊಂದು ಮರಳುಗಾಡಿನ ಒಣ ಗಾಳಿಯಿಂದಲೂ ನೀರಿನ ಆವಿಯನ್ನು ಹಿಡಿಯುತ್ತದೆ. (ಈ ವಸ್ತು ಮೊದಲು ಅಂಗಡಿಗೆ ಬಂದದ್ದು ಮಾಲಿನ್ಯಕ್ಕಲ್ಲ, ಹಣ್ಣಿಗೆ. 2016ರ ಸುಮಾರಿಗೆ, ಹಣ್ಣು ಬೇಗ ಮಾಗದಂತೆ ತಡೆಯುವ ಒಂದು ಅನಿಲವನ್ನು ಎಂಒಎಫ್‌ನಲ್ಲಿ ತುಂಬಿ ಗೋದಾಮುಗಳಿಗೆ ಮಾರತೊಡಗಿದರು. ರಸಬಾಳೆಯ ಊರಿನವರಿಗೆ ಇದು ಚಿಮಣಿ ಸುದ್ದಿಗಿಂತ ಹತ್ತಿರದ್ದು ಅನಿಸಬಹುದು.)

ಇದು ತೀರಾ ಹೊಸ ಕಲ್ಪನೆಯೂ ಅಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಮನೆಮನೆಗೆ ಬಂದ ಆಕ್ಸಿಜನ್ ಕಾನ್ಸನ್‌ಟ್ರೇಟರ್ ನೆನಪಿಸಿಕೊಳ್ಳಿ. ಅದರೊಳಗೆ ಜಿಯೊಲೈಟ್ ಎಂಬ ರಂಧ್ರಮಯ ಖನಿಜದ ಗುಂಡುಗಳಿದ್ದವು. ಅವು ಗಾಳಿಯ ಸಾರಜನಕವನ್ನು ಹಿಡಿದು ಆಮ್ಲಜನಕವನ್ನು ಮುಂದೆ ಬಿಡುತ್ತಿದ್ದವು. ಆ ಯಂತ್ರ ಕೆಲವು ಸೆಕೆಂಡಿಗೊಮ್ಮೆ ‘ಟುಸ್’ ಎಂದು ಉಸಿರು ಬಿಡುತ್ತಿತ್ತಲ್ಲ, ಅದು ತುಂಬಿಕೊಂಡ ಸಾರಜನಕವನ್ನು ಹೊರಗೆ ಚೆಲ್ಲುವ ಸದ್ದು. ಚೆಲ್ಲದಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತಿತ್ತು.

ಆ ‘ಟುಸ್’ ಅನ್ನು ಮರೆಯಬೇಡಿ. ಫಾರ್ವರ್ಡ್‌ನಲ್ಲಿ ಬಿಟ್ಟುಹೋಗಿರುವುದು ಅದೇ.

200 ಗ್ರಾಂ ಎಂದರೆ ಎಷ್ಟು?

ಸಿಒಎಫ್-999 ಕುರಿತು ವಿಜ್ಞಾನಿಗಳು ಹೇಳಿದ್ದು ಹೀಗೆ: 200 ಗ್ರಾಂ ಪುಡಿ ವರ್ಷಕ್ಕೆ 20 ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿಯಬಲ್ಲದು. ಒಂದು ಮರವೂ ಸುಮಾರು ಅಷ್ಟೇ ಹೀರುತ್ತದೆ. ಲೆಕ್ಕ ಸರಿ. ಆದರೆ ವರ್ಷವಿಡೀ ಪುಡಿಯ ಮೇಲೆ ಗಾಳಿ ಊದುತ್ತಿರಬೇಕು, ತುಂಬಿದಾಗಲೆಲ್ಲ 60 ಡಿಗ್ರಿಗೆ ಬಿಸಿ ಮಾಡಿ ಖಾಲಿ ಮಾಡಬೇಕು. ಮರ ಇದನ್ನೆಲ್ಲ ಕರೆಂಟ್ ಬಿಲ್ ಇಲ್ಲದೆ ಮಾಡುತ್ತದೆ.

ಇನ್ನು ಆ 20 ಕೆಜಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ 20 ಕೆಜಿ ಎಂದರೆ ಒಂಬತ್ತು ಲೀಟರ್‌ಗೂ ಕಡಿಮೆ ಪೆಟ್ರೋಲ್. ನಂಜನಗೂಡಿನಿಂದ ಮೈಸೂರಿಗೆ ಬೈಕಿನಲ್ಲಿ ಹೋಗಿ ಬರಲು ಒಂದು ಲೀಟರ್ ಬೇಕೆಂದು ಇಟ್ಟುಕೊಂಡರೆ, ದಿನಾ ಕೆಲಸಕ್ಕೆ ಹೋಗುವ ಒಬ್ಬರ ಎರಡು ವಾರದ ಓಡಾಟಕ್ಕೂ ಈ ಪುಡಿಯ ಇಡೀ ವರ್ಷದ ದುಡಿಮೆ ಸಾಲದು.

ಚಿಮಣಿಯ ಲೆಕ್ಕ ಬೇರೆ

ಬಯಲ ಗಾಳಿಯಿಂದ ಹಿಡಿಯುವುದಕ್ಕಿಂತ ಚಿಮಣಿಯಿಂದ ಹಿಡಿಯುವುದು ಸುಲಭ. ಬಯಲ ಗಾಳಿಯ 10 ಸಾವಿರ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ನಾಲ್ಕೇ. ಕಲ್ಲಿದ್ದಲು ಬಾಯ್ಲರಿನ ಹೊಗೆಯಲ್ಲಾದರೆ ಸಾವಿರದಿಂದ ಒಂದೂವರೆ ಸಾವಿರ. ಜಾತ್ರೆಯ ಜಂಗುಳಿಯಲ್ಲಿ ನಾಲ್ಕು ಜನ ನೆಂಟರನ್ನು ಹುಡುಕುವುದಕ್ಕೂ ಮನೆಯ ಮದುವೆಯಲ್ಲಿ ನೆಂಟರನ್ನು ಹುಡುಕುವುದಕ್ಕೂ ಇರುವಷ್ಟು ವ್ಯತ್ಯಾಸ.

ಹಾಗಾದರೆ ಚಿಮಣಿಗೇ ಹಾಕೋಣ. ದಿನಕ್ಕೆ 50 ಟನ್ ಕಲ್ಲಿದ್ದಲು ಸುಡುವ ಒಂದು ಬಾಯ್ಲರ್ ಇದೆ ಎಂದುಕೊಳ್ಳಿ. ಇದು ಯಾವುದೇ ಒಂದು ಕಾರ್ಖಾನೆಯ ಅಂಕಿ ಅಲ್ಲ, ಲೆಕ್ಕಕ್ಕೆ ಇಟ್ಟುಕೊಂಡದ್ದು. ನಮ್ಮ ದೇಶದ ಕಲ್ಲಿದ್ದಲು ಒಂದು ಟನ್ ಉರಿದರೆ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ದಿನಕ್ಕೆ 75 ಟನ್ ಆಯಿತು. ಒಳ್ಳೆಯ ಎಂಒಎಫ್ ಒಂದು ಕೆಜಿ, ಒಂದು ಸಲಕ್ಕೆ ಸುಮಾರು 100 ಗ್ರಾಂ ಹಿಡಿಯುತ್ತದೆ. ಖಾಲಿ ಮಾಡದೆ ಒಂದೇ ಸಲ ಬಳಸುವುದಾದರೆ ದಿನಕ್ಕೆ 750 ಟನ್ ಪುಡಿ ಬೇಕು. ಸುಟ್ಟ ಕಲ್ಲಿದ್ದಲಿನ ಹದಿನೈದು ಪಟ್ಟು! ಅದೇ ಹತ್ತು ನಿಮಿಷಕ್ಕೊಮ್ಮೆ ಖಾಲಿ ಮಾಡಿ ಮತ್ತೆ ಬಳಸಿದರೆ ಐದು ಟನ್ನಿನಷ್ಟು ಪುಡಿ ಸಾಕು, ವರ್ಷಗಟ್ಟಲೆ.

ಅಂದರೆ ಹಿಡಿಯುವ ಶಕ್ತಿಗಿಂತ ಬೇಗ ಬಿಡುವ ಗುಣವೇ ಇಲ್ಲಿ ದೊಡ್ಡದು. ಬಿಡಿಸಲು ಉಗಿ ಬೇಕು, ಇಲ್ಲವೇ ನಿರ್ವಾತದ ಪಂಪು ಬೇಕು. ಉಗಿ ಬರುವುದು ಅದೇ ಬಾಯ್ಲರಿನಿಂದ, ಆದ್ದರಿಂದ ಇಂಧನ ಇನ್ನಷ್ಟು ಉರಿಯಬೇಕು. ಬಿಸಿ ಹೊಗೆಯನ್ನು ಮೊದಲು ತಣ್ಣಗೂ ಮಾಡಬೇಕು, ಬಿಸಿಯಲ್ಲಿ ಅನಿಲ ಗೋಡೆಗೆ ಅಂಟುವುದಿಲ್ಲ.

ಇನ್ನೊಂದು ಕಾಟ ನೀರಿನದು. ಹೊಗೆಯಲ್ಲಿ ನೀರಿನ ಆವಿ ಧಾರಾಳ. ಬಹುಪಾಲು ಎಂಒಎಫ್‌ಗಳಿಗೆ ಇಂಗಾಲದ ಡೈಆಕ್ಸೈಡಿಗಿಂತ ನೀರೇ ಇಷ್ಟ. ಕೋಣೆಗಳಲ್ಲಿ ನೀರು ಮೊದಲು ಹೋಗಿ ಕೂತುಬಿಡುತ್ತದೆ. ಒಂದು ಎಕರೆ ಗೋಡೆಯ ನಮ್ಮ ಎಂಒಎಫ್-5 ತೇವದ ಗಾಳಿಗೆ ಬಿಟ್ಟರೆ ಚೌಕಟ್ಟೇ ಕುಸಿಯುತ್ತದೆ. ಜೂನ್ ತಿಂಗಳ ನಂಜನಗೂಡಿನಲ್ಲಿ ಅದನ್ನು ಡಬ್ಬಿ ತೆರೆದು ಇಡುವುದೂ ಕಷ್ಟ.

ಈ ಕಾಟವನ್ನು ಬಹುಮಟ್ಟಿಗೆ ದಾಟಿದ್ದು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜಾರ್ಜ್ ಶಿಮಿಜು ಅವರ ತಂಡ. ಸತುವಿನಿಂದ ಮಾಡಿದ ಅವರ ಕಾಲ್ಫ್-20 ತೇವ ಇದ್ದರೂ ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ, ಉಗಿ ಹಾಯಿಸಿದರೂ ಕೆಡುವುದಿಲ್ಲ. 2021ರಲ್ಲಿ ಅದರ ವಿವರ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಸ್ವಾಂಟೆ ಎಂಬ ಕಂಪನಿ ಅದನ್ನು ಬ್ರಿಟಿಷ್ ಕೊಲಂಬಿಯಾದ ಒಂದು ಸಿಮೆಂಟ್ ಕಾರ್ಖಾನೆಯ ಹೊಗೆಯ ಮೇಲೆ ಪರೀಕ್ಷೆ ಮಾಡಿತು. ಆ ಪರೀಕ್ಷಾ ಘಟಕದ ಗಾತ್ರ ದಿನಕ್ಕೆ ಒಂದು ಟನ್. ನಮ್ಮ ಲೆಕ್ಕದ ಬಾಯ್ಲರಿಗೆ ಬೇಕಾದದ್ದು 75. ಕೆಲಸ ಕಾಗದದಿಂದ ಕಾರ್ಖಾನೆಯ ಅಂಗಳಕ್ಕೆ ಬಂದಿದೆ ಎನ್ನಲು ಅಡ್ಡಿಯಿಲ್ಲ. ನಾಳೆ ಬೆಳಗ್ಗೆ ಎಲ್ಲ ಚಿಮಣಿಗೂ ಕಟ್ಟಬಹುದು ಎನ್ನುವಷ್ಟಲ್ಲ.

ನಿಮ್ಮ ಮೂಗಿಗೆ ಬಡಿಯುವುದು ಬೇರೆಯೇ

ಫಾರ್ವರ್ಡ್ ಮಾಡಿರುವ ದೊಡ್ಡ ತಪ್ಪು ಇಲ್ಲಿದೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಭೂಮಿಯನ್ನು ಬಿಸಿ ಮಾಡುತ್ತದೆ, ಆದರೆ ಬಯಲಿನಲ್ಲಿ ನಿಮಗೆ ಕೆಮ್ಮು ತರಿಸುವುದಿಲ್ಲ. ಒಣಗಿಸಿದ ಬಟ್ಟೆಯ ಮೇಲೆ ಕರಿ ಕೂರುವುದು, ರಾತ್ರಿ ಕಣ್ಣುರಿ, ಮೂಗಿಗೆ ಬಡಿಯುವ ನಾತ, ಇವೆಲ್ಲ ಬೇರೆ ಬೇರೆ ವಸ್ತುಗಳ ಕೆಲಸ. ಚಿಮಣಿಯಿಂದ ಬರುವ ಬೆಳ್ಳನೆ ‘ಹೊಗೆ’ಯಲ್ಲಿ ಬಹುಪಾಲು ನೀರಾವಿಯೇ ಇರುವುದೂ ಉಂಟು.

ಶ್ವಾಸಕೋಶಕ್ಕೆ ಹೆಚ್ಚು ಕೆಡುಕು ಮಾಡುವುದು ಪಿಎಂ 2.5 ಎಂಬ ಸಣ್ಣ ಕಣಗಳು. ಎಂಒಎಫ್ ಕೋಣೆಯ ಬಾಗಿಲು ಸುಮಾರು ಒಂದು ನ್ಯಾನೊಮೀಟರ್ ಅಗಲ. ಪಿಎಂ 2.5ರ ದೊಡ್ಡ ಕಣ 2500 ನ್ಯಾನೊಮೀಟರ್. ಇರುವೆ ಗೂಡಿನ ಬಾಯಿಗೆ ಆನೆ ಬಂದ ಹಾಗೆ. ಕಣಗಳನ್ನು ಹಿಡಿಯಲು ಬೇರೆ ಉಪಕರಣಗಳಿವೆ: ಬಟ್ಟೆಯ ಚೀಲದಂಥ ಬ್ಯಾಗ್ ಫಿಲ್ಟರ್, ವಿದ್ಯುತ್ತಿನಿಂದ ದೂಳನ್ನು ಸೆಳೆಯುವ ಇಎಸ್‌ಪಿ, ಹೊಗೆಯನ್ನು ಸುತ್ತಿಸಿ ಬೂದಿ ಉದುರಿಸುವ ಸೈಕ್ಲೋನ್. ಇವೆಲ್ಲ ಹಳೆಯ ತಂತ್ರಜ್ಞಾನ, ನೊಬೆಲ್ ಬೇಕಿಲ್ಲ. ಬೇಕಿರುವುದು ಅವುಗಳನ್ನು ಹಗಲೂ ರಾತ್ರಿ ಚಾಲೂ ಇಡುವುದು. ಟಿ. ನರಸೀಪುರದ ಕಡೆ ಗದ್ದೆಯಲ್ಲಿ ಕಬ್ಬಿನ ಸೋಗೆಗೆ ಬೆಂಕಿ ಇಟ್ಟಾಗ ಬರುವ ಹೊಗೆಗಾದರೆ ಚಿಮಣಿಯೂ ಇಲ್ಲ, ಫಿಲ್ಟರ್ ಕಟ್ಟಲು ಜಾಗವೂ ಇಲ್ಲ. ಅಲ್ಲಿ ಸೋಗೆಯನ್ನು ಸುಡದೆ ಸಾಲಿನ ನಡುವೆ ಹೊದಿಸುವುದೇ ದಾರಿ. ಆಲೆಮನೆಯಲ್ಲೂ ಅಷ್ಟೇ: ಒಲೆಗೆ ಬೀಳುವುದು ಒಣ ಸಿಪ್ಪೆಯೋ ಹಳೆಯ ಟೈರೋ ಎಂಬುದು ಯಾವ ಪುಡಿಗಿಂತ ಮುಖ್ಯ.

ವಾಸನೆಯ ಅನಿಲಗಳ ವಿಷಯದಲ್ಲಿ ಎಂಒಎಫ್‌ಗೆ ಮುಂದೆ ಕೆಲಸ ಸಿಗಬಹುದು. ಅಮೋನಿಯ, ಹೈಡ್ರೋಜನ್ ಸಲ್ಫೈಡ್, ಗಂಧಕದ ಡೈಆಕ್ಸೈಡ್ ಹಿಡಿಯುವ ಚೌಕಟ್ಟುಗಳ ಮೇಲೆ ಪ್ರಯೋಗಾಲಯಗಳಲ್ಲಿ ಕೆಲಸ ನಡೆಯುತ್ತಿದೆ. ತೊಡಕು ಏನೆಂದರೆ ಇಂಥ ಚುರುಕಾದ ಅನಿಲಗಳು ಕೆಲವೊಮ್ಮೆ ಚೌಕಟ್ಟನ್ನೇ ಮುರಿಯುತ್ತವೆ. ತಾಮ್ರದ ಹೆಸರಾಂತ ಎಂಒಎಫ್ ಒಂದು ಅಮೋನಿಯವನ್ನು ಚೆನ್ನಾಗಿ ಹಿಡಿಯುತ್ತದೆ, ಹಿಡಿದು ತಾನೂ ಹಾಳಾಗುತ್ತದೆ. ಸದ್ಯಕ್ಕೆ ಈ ಕೆಲಸ ಮಾಡುತ್ತಿರುವುದು ಸಕ್ರಿಯ ಇದ್ದಿಲು ಮತ್ತು ನೀರು-ಕ್ಷಾರ ಚಿಮುಕಿಸುವ ಸ್ಕ್ರಬ್ಬರ್.

ಒಂದು ಅನಿಲದ ಬಗ್ಗೆ ಮಾತ್ರ ಯಾವ ಫಾರ್ವರ್ಡನ್ನೂ ನಂಬಬೇಡಿ. ಮಲದ ಗುಂಡಿ, ಮ್ಯಾನ್‌ಹೋಲ್, ಕಾರ್ಖಾನೆಯ ಕೊಳಕು ನೀರಿನ ತೊಟ್ಟಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ. ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರರಷ್ಟಾದರೆ ಮೂಗಿನ ಶಕ್ತಿಯೇ ಸತ್ತು ವಾಸನೆ ಮಾಯವಾಗುತ್ತದೆ. ‘ವಾಸನೆ ಹೋಯಿತು, ಇಳಿಯಬಹುದು’ ಎಂದುಕೊಂಡವರು ಮೇಲೆ ಬರುವುದಿಲ್ಲ, ಅವರನ್ನು ಎತ್ತಲು ಇಳಿದವರೂ ಬರುವುದಿಲ್ಲ. ಇದ್ದಿಲು, ಸುಣ್ಣ, ‘ನೊಬೆಲ್ ಪುಡಿ’ ಯಾವುದನ್ನು ಚೆಲ್ಲಿದರೂ ಗುಂಡಿ ಸುರಕ್ಷಿತವಾಗುವುದಿಲ್ಲ. ಕೈಯಿಂದ ಮಲಗುಂಡಿ ಸ್ವಚ್ಛ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಯಂತ್ರ ತರಿಸಿ.

ಹಿಡಿದದ್ದು ಎಲ್ಲಿಗೆ ಹೋಗುತ್ತದೆ?

ಮತ್ತೆ ಆ ‘ಟುಸ್’ಗೆ ಬರೋಣ. ಕಾನ್ಸನ್‌ಟ್ರೇಟರ್ ಸಾರಜನಕವನ್ನು ಕೋಣೆಗೇ ಚೆಲ್ಲಿದರೆ ನಷ್ಟವಿಲ್ಲ, ಅದು ಅಲ್ಲಿಂದಲೇ ಬಂದದ್ದು. ದಿನಕ್ಕೆ 75 ಟನ್ ಇಂಗಾಲದ ಡೈಆಕ್ಸೈಡ್ ಹಿಡಿದು ಮತ್ತೆ ಬಯಲಿಗೇ ಬಿಟ್ಟರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ನೆಲದಾಳಕ್ಕೆ ಇಳಿಸಬಹುದು. ಐಸ್‌ಲ್ಯಾಂಡಿನಲ್ಲಿ ಕಾರ್ಬ್‌ಫಿಕ್ಸ್ ಯೋಜನೆಯವರು ನೀರಿನಲ್ಲಿ ಕರಗಿಸಿದ ಅನಿಲವನ್ನು ಬಸಾಲ್ಟ್ ಕಲ್ಲಿನೊಳಗೆ ಕಳಿಸಿ, ಎರಡು ವರ್ಷದೊಳಗೆ ಅದು ಬಹುಪಾಲು ಕಲ್ಲಾಗುವುದನ್ನು 2016ರಲ್ಲಿ ತೋರಿಸಿದರು. ಆದರೆ ಮೈಸೂರು ಜಿಲ್ಲೆಯ ಕೆಳಗಿರುವುದು ಹಳೆಯ ಗಟ್ಟಿ ನೈಸ್ ಶಿಲೆ. ಬಸಾಲ್ಟ್ ಬೇಕಾದರೆ ಬೆಳಗಾವಿ, ವಿಜಯಪುರದ ಕಡೆ ಹೋಗಬೇಕು.

ಇನ್ನೊಂದು ದಾರಿ ಅನಿಲವನ್ನೇ ಸರಕು ಮಾಡುವುದು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿ ಅವರ ತಂಡ ಎಂಒಎಫ್‌ಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅದೇ ಸಂಸ್ಥೆಯ ಸೆಬಾಸ್ಟಿಯನ್ ಪೀಟರ್ ಅವರ ಜೊತೆ ಹುಟ್ಟಿದ ‘ಬ್ರೀಥ್’ ಎಂಬ ನವೋದ್ಯಮ ಇಂಗಾಲದ ಡೈಆಕ್ಸೈಡಿನಿಂದ ಮೆಥನಾಲ್ ಮಾಡಿ, 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಎಂಬ ಜಾಗತಿಕ ಸ್ಪರ್ಧೆಯ ಅಂತಿಮ ಸುತ್ತಿಗೆ ಹೋಗಿತ್ತು. 2022ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇಂಗಾಲ ಹಿಡಿದು ಬಳಸುವ ಸಂಶೋಧನೆಗೆ ದೇಶದಲ್ಲಿ ಎರಡು ಕೇಂದ್ರ ಘೋಷಿಸಿದಾಗ ಒಂದು ಐಐಟಿ ಬಾಂಬೆಗೆ, ಇನ್ನೊಂದು ಈ ಸಂಸ್ಥೆಗೆ ಬಂತು. ಮೆಥನಾಲ್ ಮಾಡಲು ಜಲಜನಕ ಬೇಕು, ಅದನ್ನು ಕಲ್ಲಿದ್ದಲಿನ ಕರೆಂಟಿನಿಂದ ಮಾಡಿದರೆ ಮತ್ತದೇ ಕಥೆ.

ನಿಜವಾಗಿ ನಡೆದ ಉದಾಹರಣೆ ತಮಿಳುನಾಡಿನ ತೂತುಕುಡಿಯಲ್ಲಿದೆ. ಅಲ್ಲಿನ ಒಂದು ರಾಸಾಯನಿಕ ಕಾರ್ಖಾನೆ ಕಲ್ಲಿದ್ದಲು ಬಾಯ್ಲರಿನಿಂದ ವರ್ಷಕ್ಕೆ 60 ಸಾವಿರ ಟನ್ ಹಿಡಿಯುವ ಘಟಕವನ್ನು 2016ರಲ್ಲಿ ಶುರು ಮಾಡಿತು. ಬಳಸಿದ್ದು ಎಂಒಎಫ್ ಅಲ್ಲ, ಅಮೀನ್ ಜಾತಿಯ ದ್ರಾವಣ. ಅದು ಸಾಧ್ಯವಾದದ್ದಕ್ಕೆ ಕಾರಣ ಸರಳ: ಸೋಡಾ ಬೂದಿ ತಯಾರಿಸಲು ಆ ಕಾರ್ಖಾನೆಗೆ ಇಂಗಾಲದ ಡೈಆಕ್ಸೈಡ್ ಬೇಕೇ ಇತ್ತು. ಹಿಡಿದದ್ದಕ್ಕೆ ಗಿರಾಕಿ ಮನೆಯೊಳಗೇ ಇದ್ದ.

ಟಿ. ನರಸೀಪುರದ ಮಾತು ಬಂದದ್ದೂ ಇಲ್ಲಿಗೇ. ಸ್ಕ್ರಬ್ಬರ್ ಗಾಳಿಯಲ್ಲಿದ್ದ ಕೊಳೆಯನ್ನು ನೀರಿಗೆ ಇಳಿಸುತ್ತದೆ. ಆ ನೀರನ್ನು ಶುದ್ಧೀಕರಣ ಘಟಕಕ್ಕೆ ಕಳಿಸಬೇಕು. ಎಲ್ಲೇ ಆಗಲಿ ಕಳಿಸದಿದ್ದರೆ, ಚಿಮಣಿಯ ಕೊಳೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕೆಳಗಿನ ಊರಿಗೆ ಹೋಗುತ್ತದೆ. ಮೇಲಿನ ಊರಿನ ಗಾಳಿ ಶುದ್ಧವಾಗಿ, ಕೆಳಗೆ ಸಂಗಮದಲ್ಲಿ ಮುಳುಗುವವರ ನೀರು ಕೆಟ್ಟರೆ ಅದನ್ನು ಶುದ್ಧೀಕರಣ ಎನ್ನಲಾಗದು. ಎಂಒಎಫ್ ಬಂದರೂ ಈ ಪ್ರಶ್ನೆ ತಪ್ಪುವುದಿಲ್ಲ. ಸವೆದ ಪುಡಿಯಲ್ಲಿ ಸತು, ತಾಮ್ರ ಇರುತ್ತದೆ, ಅದನ್ನೂ ಎಲ್ಲಾದರೂ ಹಾಕಲೇಬೇಕು.

ವಿಚಿತ್ರವೆಂದರೆ ಯಾವ ಪುಡಿಯೂ ಇಲ್ಲದೆ ಇಂಗಾಲದ ಡೈಆಕ್ಸೈಡ್ ಹಿಡಿಯಬಹುದಾದ ಜಾಗ ಕಬ್ಬಿನ ಸೀಮೆಯಲ್ಲೇ ಇದೆ. ಕಾಕಂಬಿ ಹುಳಿಸಿ ಎಥನಾಲ್ ಮಾಡುವ ಡಿಸ್ಟಿಲರಿಯ ತೊಟ್ಟಿಯಿಂದ ಏಳುವ ಅನಿಲ, ನೀರಾವಿ ಬಿಟ್ಟರೆ, ಬಹುತೇಕ ಶುದ್ಧ ಇಂಗಾಲದ ಡೈಆಕ್ಸೈಡ್. ಒಂದು ಲೀಟರ್ ಎಥನಾಲ್‌ಗೆ ಮುಕ್ಕಾಲು ಕೆಜಿ. ದಿನಕ್ಕೆ 50 ಸಾವಿರ ಲೀಟರ್ ಮಾಡುವ ಡಿಸ್ಟಿಲರಿಯಾದರೆ 37 ಟನ್ನಿಗೂ ಹೆಚ್ಚು. ತೊಳೆದು, ಒಣಗಿಸಿ, ಒತ್ತಿ ಸಿಲಿಂಡರಿಗೆ ತುಂಬಿದರೆ ಸೋಡಾ ಬಾಟಲಿಗೆ, ಡ್ರೈ ಐಸ್‌ಗೆ, ಬೆಂಕಿ ಆರಿಸುವ ಸಾಧನಕ್ಕೆ ಆಗುತ್ತದೆ. ಹಲವು ಡಿಸ್ಟಿಲರಿಗಳು ಇದನ್ನು ಈಗಾಗಲೇ ಮಾಡುತ್ತಿವೆ. ಜೊತೆಗೆ ಅದು ಆಯಾ ವರ್ಷ ಕಬ್ಬು ಗಾಳಿಯಿಂದಲೇ ಎಳೆದುಕೊಂಡ ಇಂಗಾಲ. ಸೋಡಾ ಕುಡಿದಾಗ ಮತ್ತೆ ಗಾಳಿಗೇ ಹೋಗುತ್ತದೆ ಅನ್ನಿ. ಆದರೂ ಅಷ್ಟರ ಮಟ್ಟಿಗೆ ಬೇರೆಡೆ ಇಂಧನದಿಂದ ತೆಗೆಯುವ ಅನಿಲ ಉಳಿಯಿತು.

‘ಯಾಕೆ ಹಾಕಿಸುತ್ತಿಲ್ಲ’ ಎಂದು ಕೇಳುವುದನ್ನು ಬಿಡಬೇಕಿಲ್ಲ, ಕೇಳುವುದನ್ನು ಬದಲಿಸಿದರೆ ಸಾಕು. 1981ರ ವಾಯು ಮಾಲಿನ್ಯ ಕಾಯ್ದೆಯ ಪ್ರಕಾರ ಇಂಥ ಕಾರ್ಖಾನೆಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ಪಡೆಯಬೇಕು. ಚಿಮಣಿಯಿಂದ ಏನು, ಎಷ್ಟು ಬಿಡಬಹುದು ಎಂಬ ಮಿತಿ ಅದರಲ್ಲಿರುತ್ತದೆ. ಸಕ್ಕರೆ, ಡಿಸ್ಟಿಲರಿ, ಕಾಗದ, ಔಷಧಿಯಂಥ 17 ಬಗೆಯ ಉದ್ಯಮಗಳು ಹೊರಬಿಡುವ ಹೊಗೆ, ನೀರನ್ನು ಎಡೆಬಿಡದೆ ಅಳೆದು ಆನ್‌ಲೈನ್‌ನಲ್ಲಿ ಕಳಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲೇ ಸೂಚಿಸಿದೆ. ಆ ಒಪ್ಪಿಗೆ ಪತ್ರದ ಪ್ರತಿಯನ್ನೂ ಅಳತೆಯ ಅಂಕಿಗಳನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿಗೆ ಹತ್ತು ರೂಪಾಯಿ ಶುಲ್ಕ.